ಸಾರ್ಜುವಿನ ಹಿಮ್ಮಡಿ

ಗಾಂಗ್ ಎಂಬ ದೊಡ್ಡ ಜಾಗಟೆ ಬಾರಿಸುವವನಿಗೆ ಕೆಲಸ ಕಡಿಮೆ, ನೋಡುವುದಕ್ಕೆ ಪುರುಸೊತ್ತು ಜಾಸ್ತಿ. ಒಂದು ಆವರ್ತ ಮುಗಿಯುವ ಕಡೆ ಒಂದೇ ಒಂದು ಪೆಟ್ಟು ಹಾಕಬೇಕು. ಅಲ್ಲಿಯವರೆಗೆ ಉಳಿದವರೆಲ್ಲ ಬೆವರು ಸುರಿಸುತ್ತಿರುತ್ತಾರೆ, ನಾನು ಲವಂಗದ ಸಿಗರೇಟು ಸೇದುತ್ತಾ ಕುಳಿತಿರುತ್ತೇನೆ. ಹಾಗಂತ ಹಗುರವಾಗಿ ತಿಳಿಯಬೇಡಿ. ಆ ಒಂದು ಪೆಟ್ಟು ತಪ್ಪಿದರೆ ಇಡೀ ಮೇಳಕ್ಕೆ ಕಾಲಿಡಲು ನೆಲ ಇಲ್ಲದಂತಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ನಾನು ಅದನ್ನು ತಪ್ಪಿಸಿದ್ದು ಒಂದೇ ಸಲ. ಯಾಕೆ ತಪ್ಪಿಸಿದೆ ಅನ್ನುವುದನ್ನು ಹೇಳಬೇಕಾದರೆ ನನ್ನ ಭಾವನ ಹಿಮ್ಮಡಿಯಿಂದ ಶುರು ಮಾಡಬೇಕು.

ನನ್ನ ಹೆಸರು ಓಮೋ. ಸುಬಾಂಗ್ ಪೇಟೆಯ ಹಿಂದಿನ ಬೀದಿಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ಸುಗ್ಗಿ ಮುಗಿದು ಮದುವೆ, ಸುನ್ನತಿಗಳ ಕಾಲ ಬಂತೆಂದರೆ ಅಂಗಡಿಗೆ ಬೀಗ ಜಡಿದು ಅಬಾ ವಾರ್ಲಾನರ ಮೇಳದ ಜೊತೆ ಹೊರಟುಬಿಡುತ್ತೇನೆ. ಅಬಾ ಮೇಳದ ಯಜಮಾನರಾಗಿದ್ದವರು, ಆಗಲೇ ಎಪ್ಪತ್ತು ದಾಟಿದ್ದರು, ನಮಗೆಲ್ಲ ತಂದೆಯ ಹಾಗೆ. ಹಾಡುವವಳು ನನ್ನ ಸ್ವಂತ ಅಕ್ಕ ಕಾರ್ಸಿ. ಕೆಂದಾಂಗ್ ಬಾರಿಸುವವನು ಅವಳ ಗಂಡ ಸಾರ್ಜು. ಊರಿಗೆಲ್ಲ ಅವನು ಕಾಂಗ್ ಸಾರ್ಜು, ಅಂದರೆ ಸಾರ್ಜಣ್ಣ. ನನಗೂ ಕಾಂಗ್ ಸಾರ್ಜುವೇ, ಅಕ್ಕನಿಗೂ ಅವನು ಕಾಂಗ್.

ಕೆಂದಾಂಗ್ ಅಂದರೆ ಎರಡು ಮುಖದ ಉದ್ದನೆಯ ಡೋಲು. ಓರೆಯಾಗಿ ಮಲಗಿಸಿ, ಅದರ ಹಿಂದೆ ನೆಲದ ಮೇಲೆ ಕುಳಿತು ಬಾರಿಸಬೇಕು. ಕೈಗಳೆರಡೂ ಹೊಡೆಯುವ ಕೆಲಸ ಮಾಡುತ್ತವೆ. ಹಿಮ್ಮಡಿ ದೊಡ್ಡ ಮುಖದ ಚರ್ಮದ ಮೇಲೆ ಕೂತಿರುತ್ತದೆ. ಒತ್ತಿದರೆ ನಾದ ಮೇಲೇರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ, ಜಾರಿಸಿದರೆ 'ದೂವೆಂಗ್' ಎಂದು ಮನುಷ್ಯರ ಹಾಗೆ ಗೊಣಗುತ್ತದೆ. ಕೈ ಏನಿದ್ದರೂ ಬಡಿಯುತ್ತದೆ, ಮಾತಾಡುವುದು ಹಿಮ್ಮಡಿ.

ಇನ್ನೊಂದು ಮಾತು. ನಮ್ಮಲ್ಲಿ ಕುಣಿಯುವವನು ಡೋಲಿನ ಹಿಂದೆ ಹೋಗುವುದಿಲ್ಲ, ಡೋಲೇ ಕುಣಿಯುವವನ ಹಿಂದೆ ಹೋಗುತ್ತದೆ. ಊರಿನ ದೊಡ್ಡ ಮನುಷ್ಯರು ಕಣಕ್ಕಿಳಿದು ಭುಜ ಎತ್ತಿದರೆ ಆ ಭುಜಕ್ಕೆ ಒಂದು ಪೆಟ್ಟು ಬೀಳಬೇಕು, ಸೊಂಟ ತಿರುಗಿಸಿದರೆ ಅದಕ್ಕೊಂದು, ಸುಮ್ಮನೆ ಹುಬ್ಬು ಹಾರಿಸಿದರೂ ಅದಕ್ಕೊಂದು. ಪೆಟ್ಟು ಬೀಳದಿದ್ದರೆ ಎಪ್ಪತ್ತು ಎಕರೆ ಗದ್ದೆಯ ಒಡೆಯನೂ ನಡುಬೀದಿಯಲ್ಲಿ ಮೈ ಕೆರೆದುಕೊಂಡವನ ಹಾಗೆ ಕಾಣುತ್ತಾನೆ.

ಸಾರ್ಜು ಒಂಬತ್ತು ವರ್ಷದವನಾಗಿದ್ದಾಗ ಎಮ್ಮೆ ಕಾಯುತ್ತಾ ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದ. ಹದಿನಾಲ್ಕಕ್ಕೆ, ಅಬಾ ಮೇಳದ ಡೋಲಿನವನಿಗೆ ಮಂಗನಬಾವು ಬಂದ ದಿನ, ಮೊದಲ ಸಲ ಡೋಲಿನ ಹಿಂದೆ ಕುಳಿತ. ಆಮೇಲೆ ಆ ಜಾಗ ಬಿಟ್ಟು ಏಳಲಿಲ್ಲ. ಮೂವತ್ತು ತುಂಬುವ ಹೊತ್ತಿಗೆ ಜನ ಮದುವೆಯ ದಿನ ಗೊತ್ತುಮಾಡುವ ಮೊದಲು ಸಾರ್ಜು ಬಿಡುವಾಗಿದ್ದಾನೋ ಇಲ್ಲವೋ ಎಂದು ಕೇಳಿಕೊಂಡು ಹೋಗುತ್ತಿದ್ದರು. ಇವನಿಗೆ ಜಂಬವೂ ಅಷ್ಟೇ ಇತ್ತು. ದಿನವೂ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ, ಬಿರುಕು ಬಿಟ್ಟಿದೆಯೇ ಎಂದು ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದ.

“ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನನ್ನ ಮುಖ ಇಷ್ಟು ಹೊತ್ತು ನೋಡಿಲ್ಲ ಈ ಮನುಷ್ಯ,” ಎಂದು ಅಕ್ಕ ಬೈಯುವಳು.

“ನಿನ್ನ ಮುಖಕ್ಕೆ ಎಣ್ಣೆ ಬೇಡ ಕಣೇ, ತಾನಾಗೇ ಹೊಳೆಯುತ್ತೆ,” ಎನ್ನುವನು ಇವನು.

ಹೀಗಿದ್ದವನ ಬೈಕಿಗೆ ಒಂದು ಬೆಳಿಗ್ಗೆ ಮರಳಿನ ಲಾರಿ ಗುದ್ದಿತು. ಬಲಗಾಲನ್ನು ಮೊಣಕಾಲಿನ ಒಂದು ಗೇಣು ಕೆಳಗೆ ಕತ್ತರಿಸಿದರು. ಎಚ್ಚರವಾದ ಮೇಲೆ ಅವನು ಮೊದಲು ಕೇಳಿದ್ದು ಕಾಲು ಎಲ್ಲಿ ಎಂದಲ್ಲ. ಎರಡೂ ಕೈ ಎತ್ತಿ ಬೆರಳು ಆಡಿಸಿ ನೋಡಿಕೊಂಡು, “ಕೈ ಎರಡೂ ಇವೆ, ಪರವಾಗಿಲ್ಲ” ಎಂದ. ಕಾಲಿನ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ದಿನವನ್ನು ನಾನು ವಿವರಿಸುವುದಿಲ್ಲ.

ಆರು ತಿಂಗಳಾದ ಮೇಲೆ ಹೊಸ ಕಾಲು ಸಿಕ್ಕಿಸಿಕೊಂಡು ಡೋಲಿನ ಹಿಂದೆ ಕೂತ. ಜುರಾಗಾನ್ ತಾರ್ಮೆದಿಯವರ ಅಕ್ಕಿ ಗಿರಣಿಯಲ್ಲಿ ಸುಗ್ಗಿಯ ಊಟ. ಜುರಾಗಾನ್ ಅಂದರೆ ಧಣಿ. ತಾರ್ಮೆದಿಯವರಂತೂ ಧಣಿಗಳಿಗೆಲ್ಲ ಧಣಿ, ಕುಣಿತದ ಹುಚ್ಚಿನಲ್ಲಿ ಸುತ್ತ ಹತ್ತೂರಿಗೆ ಅವರೇ ಮೊದಲು. ಅವರು ಭುಜ ಎತ್ತಿದರು. ಸಾರ್ಜುವಿನ ಕೈ ಸರಿಯಾಗಿಯೇ ಬಿತ್ತು. ಆದರೆ ಪ್ಲಾಸ್ಟಿಕ್ಕಿನ ಹಿಮ್ಮಡಿಗೆ ಚರ್ಮ ಎಲ್ಲಿದೆ, ಎಷ್ಟು ಒತ್ತಬೇಕು ಅನ್ನುವುದು ಏನು ಗೊತ್ತು? ನಾದ ನಾಯಿ ಬೊಗಳಿದಂತೆ ಬಂತು. ಅವರು ಸೊಂಟ ತಿರುಗಿಸಿದರು, ಮತ್ತೆ ಬೊಗಳಿತು. ಮೂರನೇ ಸಲಕ್ಕೆ ಜುರಾಗಾನ್ ಕುಣಿತ ನಿಲ್ಲಿಸಿ, ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು.

ಕುಣಿಯುತ್ತಿದ್ದವರು ನಡುವೆ ಕೂರುವುದು ಎಂದರೆ ನಮ್ಮವರಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗೆ. ಸಾರ್ಜು ಮನೆಗೆ ಬಂದವನೇ ಡೋಲಿಗೆ ಅಕ್ಕನ ಹಳೆಯ ಬಾತಿಕ್ ಸೀರೆಯಂಥ ಬಟ್ಟೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, “ಇನ್ನು ಈ ಗಂಟು ಬಿಚ್ಚಿದರೆ ನಾನು ನನ್ನಪ್ಪನ ಮಗನಲ್ಲ” ಎಂದ.

ಅಬಾ ವಾರ್ಲಾನ್ ತಡ ಮಾಡಲಿಲ್ಲ. ಯುಸ್ತಿ ಎಂಬ ಹುಡುಗನನ್ನು ಅವನ ಕೀಬೋರ್ಡಿನ ಸಮೇತ ಮೇಳಕ್ಕೆ ಸೇರಿಸಿಕೊಂಡರು. ಅದರೊಳಗೇ ಡೋಲಿನ ಸದ್ದೂ ಇತ್ತು. ಒಂದು ಗುಂಡಿ ಒತ್ತಿದರೆ ಸಾಕು, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಭುಜವನ್ನೂ ನೋಡುವುದಿಲ್ಲ, ಸೊಂಟವನ್ನೂ ನೋಡುವುದಿಲ್ಲ. ಸಾರ್ಜುವಿಗೆ ಕೆಚ್ರೆಕ್ ತಗಡು ತಟ್ಟುವ ಕೆಲಸ ಕೊಡುತ್ತೇನೆ ಎಂದರು ಅಬಾ. ಕರುಣೆಯಿಂದಲೇ ಹೇಳಿದ್ದು. ಅದಕ್ಕೇ ಅವನಿಗೆ ಇನ್ನೂ ಉರಿಯಿತು.

ಅವನು ದಿನವೂ ನನ್ನ ಅಂಗಡಿಗೆ ಬಂದು ಕೂರಲು ಶುರುಮಾಡಿದ. ಕೂತು ಏನು ಮಾಡುವನು? ನನ್ನ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವನು. ಹೀಗೇ ಒಂದು ದಿನ ಯುಸ್ತಿ ಕೀಬೋರ್ಡು ಹೊತ್ತುಕೊಂಡು ಬಂದ. ಕೀಲಿಗಳ ಅಡಿಯಲ್ಲಿ ಜಿರಲೆ ಸಂಸಾರ ಹೂಡಿತ್ತು. ನಾನು ಬಿಚ್ಚಿ, ಒರೆಸಿ, ಸರಿಯಾಗಿದೆಯೇ ಎಂದು ನುಡಿಸಿ ನೋಡುವಾಗ ಎಡತುದಿಯಲ್ಲಿದ್ದ ಪುಟ್ಟ ಗಾಲಿಗೆ ಹೆಬ್ಬೆರಳು ತಗಲಿತು. ಡೋಲಿನ ಸದ್ದು ‘ದೂವೆಂಗ್’ ಎಂದು ಜಾರಿತು.

ಸಾರ್ಜು ಕೂತಲ್ಲಿಂದ ನೆಗೆದೇಬಿಟ್ಟ. ಒಂದೇ ಕಾಲಿದೆ ಅನ್ನುವುದೂ ಮರೆತು ನೆಗೆದು, ನನ್ನ ಮೇಲೇ ಬಿದ್ದ.

“ಏನೋ ಅದು? ಇನ್ನೊಂದ್ಸಲ ಮಾಡೋ!”

“ಇದಾ? ಗಾಲಿ. ಸ್ವರ ಬಗ್ಗಿಸೋಕೆ.”

“ಗಾಲಿ ಅಲ್ವೋ ಕತ್ತೆ, ಹಿಮ್ಮಡಿ! ಓಮೋ, ಹಿಮ್ಮಡಿ ಕಣೋ ಇದು! ಇವರು ಹಿಮ್ಮಡೀನ ತಗೊಂಡೋಗಿ ಹೆಬ್ಬೆರಳಿಗೆ ಕೊಟ್ಟಿದಾರೆ, ಮಂಕುಗಳು!”

ಅವನ ಕಣ್ಣು ಹೊಳೆದದ್ದನ್ನು ನೋಡಬೇಕಿತ್ತು. ಒಂದು ವರ್ಷದಿಂದ ನಾನು ಆ ಹೊಳಪು ಕಂಡಿರಲಿಲ್ಲ. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ನನ್ನ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಗುಜರಿಯಿಂದ ಸತ್ತ ಕೀಬೋರ್ಡು ಒಂದನ್ನು ತಂದೆ. ಅದರ ಮಿದುಳನ್ನು ಕಿತ್ತು ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಕೂರಿಸಿದೆ, ಇರುವೆ ನುಗ್ಗದ ಹಾಗೆ ಮುಚ್ಚಳಕ್ಕೆ ಟೇಪು ಸುತ್ತಿದೆ. ಬಡಿಯುವುದಕ್ಕೆ ರಬ್ಬರಿನ ಹವಾಯಿ ಚಪ್ಪಲಿಗಳ ಅಡಿ ಕತ್ತರಿಸಿ ನಾಲ್ಕು ಬಿಲ್ಲೆ ಮಾಡಿದೆವು, ಒಂದೊಂದರ ಕೆಳಗೂ ಗಡಿಯಾರದ ಅಲಾರಮಿನಿಂದ ತೆಗೆದ ಹಿತ್ತಾಳೆಯ ಬಿಲ್ಲೆ ಅಂಟಿಸಿದೆವು. ಬಿಲ್ಲೆಗೆ ಪೆಟ್ಟು ಬಿದ್ದರೆ ಡಬ್ಬ ಡೋಲಿನ ಸದ್ದು ಮಾಡಬೇಕು. ಆ ಸದ್ದುಗಳನ್ನು ಪಕ್ಕದೂರಿನ ಮೇಳದಿಂದ ಎರವಲು ತಂದ ಕೆಂದಾಂಗಿನ ಮೇಲೆ ಸಾರ್ಜುವೇ ಬಾರಿಸಿ ತುಂಬಿಸಿದ. ತನ್ನ ಡೋಲಿನ ಗಂಟು ಬಿಚ್ಚಲು ಅವನ ಆಣೆ ಅಡ್ಡ ಬಂತು. ನನ್ನ ಬೆರಳುಗಳ ಮೇಲೆ ಬೆಸುಗೆಯ ಕಲೆ ಈಗಲೂ ಹನ್ನೊಂದು ಇವೆ, ಬೇಕಾದವರು ಬಂದು ನೋಡಬಹುದು.

ಡಬ್ಬದಲ್ಲಿ ಮೈಕು ಸಿಕ್ಕಿಸುವ ತೂತೂ ಒಂದಿತ್ತು. ಬೇಸರವಾದಾಗ ಅದಕ್ಕೆ ಅಕ್ಕನ ಮೈಕು ಸಿಕ್ಕಿಸಿ, ಅವಳು ಹಾಡುವಾಗ ಗಾಲಿ ತಿರುಗಿಸಿ ಗಂಡಸಿನ ದನಿ ಮಾಡಿ ನಗುತ್ತಿದ್ದೆವು. “ನನ್ನ ಮಾವನೇ ಎದ್ದುಬಂದ ಹಾಗಿದೆ,” ಎಂದು ಅವಳೂ ನಗುವಳು.

ಎಲ್ಲ ಸರಿ, ಗಾಲಿಯನ್ನು ತಿರುಗಿಸುವವರು ಯಾರು? ಕೈ ಎರಡೂ ಬಡಿಯುವುದರಲ್ಲಿರುತ್ತವೆ. ನನ್ನ ಬಳಿ ಒಂದು ಉಪಾಯವಿತ್ತು. ಬಿಡಿ ಭಾಗಗಳನ್ನು ಚುಚ್ಚಿ ಕಳಿಸುತ್ತಾರಲ್ಲ, ಆ ಕಪ್ಪು ಸ್ಪಂಜು, ಅದನ್ನು ಎರಡು ತಾಮ್ರದ ತಗಡಿನ ನಡುವೆ ಇಟ್ಟರೆ ಎಷ್ಟು ಅದುಮುತ್ತೇವೋ ಅಷ್ಟು ಕರೆಂಟು ಹರಿಯುತ್ತದೆ. ಗಾಲಿಯ ಬದಲು ಅದನ್ನು ಜೋಡಿಸಿದೆ. ಅಂಗೈಯಗಲದ ಸಾಧನ, ಎಲ್ಲಿ ಬೇಕಾದರೂ ಇಡಬಹುದು. ಎಡಗಾಲಿನ ಹಿಮ್ಮಡಿಗೆ ಇಟ್ಟೆವು. “ಈ ಎಡಗಾಲು ಹುಟ್ಟು ದಡ್ಡ, ತಾಳ ಹಾಕೋದು ಬಿಟ್ಟು ಇನ್ನೇನೂ ಬರಲ್ಲ ಇದಕ್ಕೆ” ಎಂದ. ಮೊಣಕೈಗೆ ಕಟ್ಟಿದೆವು, ಪೆಟ್ಟು ತಪ್ಪಿತು. ಗದ್ದದ ಕೆಳಗೆ ಇಟ್ಟೆವು. ಅವನು ಗದ್ದ ಒತ್ತಿ ಒತ್ತಿ ತಲೆ ಆಡಿಸುವುದನ್ನು ನೋಡಿ ಬೀದಿಯ ಕೋಳಿಗಳೂ ಇವನನ್ನು ತಮ್ಮವನೆಂದು ತಿಳಿದವು. ಮೂರು ತಿಂಗಳು ಹೀಗೇ ಕಳೆಯಿತು. ನಾನಂತೂ ಕೈ ಚೆಲ್ಲಿದ್ದೆ.

ದಾರಿ ತೋರಿಸಿದ್ದು ಅಕ್ಕ. ಒಂದು ಮಧ್ಯಾಹ್ನ ನಾವು ಅವಳ ಅಡುಗೆಮನೆಯಲ್ಲಿ ಒಣಮೀನು, ಸಂಬಲ್ ಚಟ್ನಿ ಜೊತೆ ಊಟ ಮುಗಿಸಿ ಕೂತಿದ್ದೆವು. ಸಾರ್ಜು ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿ, ಉಟ್ಟಿದ್ದ ಸಾರಂಗ್ ಪಂಚೆಯ ಕೆಳಗೆ ಮೊಂಡುಗಾಲು ಚಾಚಿದ್ದ. ಅಕ್ಕ ತಟ್ಟೆ ತೊಳೆಯುತ್ತಾ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ ಹಾಡು ನಿಲ್ಲಿಸಿದಳು.

“ಕಾಂಗ್, ಅಲ್ಲಾಡಬೇಡ,” ಎಂದಳು. ಮತ್ತೆ ಅದೇ ಸಾಲು ಹಾಡಿದಳು. “ಓಮೋ, ಅವನ ಕಾಲು ನೋಡೋ.”

ನೋಡಿದೆ. ಪಂಚೆಯ ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಹಾಡಿನಲ್ಲಿ ಎಲ್ಲೆಲ್ಲಿ ಹಿಮ್ಮಡಿ ಒತ್ತಬೇಕೋ ಅಲ್ಲೆಲ್ಲ ಆ ಮೊಂಡುಗಾಲು ಕೆಳಗೆ ಒತ್ತುತ್ತಿತ್ತು, ಸಡಿಲಿಸುತ್ತಿತ್ತು, ಜಾರುತ್ತಿತ್ತು. ಸಾರ್ಜುವಿಗೇ ಅದು ಗೊತ್ತಿರಲಿಲ್ಲ.

“ಇಪ್ಪತ್ತೆರಡು ವರ್ಷ ಆ ಹಿಮ್ಮಡಿ ಕೇಳ್ಕೊಂಡು ಹಾಡಿದೀನಿ,” ಎಂದಳು ಅಕ್ಕ, ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾ. “ಅದು ಎಲ್ಲೂ ಹೋಗಿಲ್ಲ. ಇನ್ನೂ ಬಾರಿಸ್ತಾನೇ ಇದೆ.”

ಸಾರ್ಜು ಮೊಂಡುಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತ. ಮರುಗಳಿಗೆಯೇ ನನ್ನ ಬೆನ್ನಿಗೆ ಗುದ್ದಿ, “ಕೂತ್ಕೊಂಡು ಏನ್ ನೋಡ್ತೀಯೋ, ಸ್ಪಂಜು ತಗೊಂಬಾ!” ಎಂದು ಕೂಗಿದ.

ಕೃತಕ ಕಾಲಿನ ಬಟ್ಟಲಿನೊಳಗೆ, ಮೊಂಡುಗಾಲು ಕೂರುವ ಜಾಗದಲ್ಲೇ, ಸ್ಪಂಜು ಅಂಟಿಸಿ ತಂತಿಯನ್ನು ಪಕ್ಕದಿಂದ ಹೊರಕ್ಕೆ ತೆಗೆದೆ. ಅವನು ಕಾಲು ಸಿಕ್ಕಿಸಿಕೊಂಡು, ಚಪ್ಪಲಿಯ ಬಿಲ್ಲೆಗೆ ಒಂದು ಪೆಟ್ಟು ಹೊಡೆದು, ಇಲ್ಲದ ಹಿಮ್ಮಡಿಯನ್ನು ಒತ್ತಿದ. ದೂವೆಂಗ್! ಅಕ್ಕ ಕಿರುಚಿದಳು. ನಾನು ಕಿರುಚಿದೆ. ಪಕ್ಕದ ಮನೆಯವರು ಬೆಂಕಿ ಬಿತ್ತೇನೋ ಎಂದು ಬಕೆಟ್ಟು ಹಿಡಿದು ಓಡಿಬಂದರು. ಅವತ್ತು ಸಂಜೆಯವರೆಗೆ ನಾವು ಮೂವರೂ ಮಕ್ಕಳಿಗಿಂತ ಕಡೆಯಾಗಿ ಕುಣಿದೆವು.

ಅಬಾ ವಾರ್ಲಾನರನ್ನು ಕರೆತಂದೆವು. ಅವರು ಕೋಲು ಊರಿಕೊಂಡು ಬಂದು, ಮೂಗು ಮುರಿದರು.

“ಇದೇನ್ರೋ, ನಾಲ್ಕು ಚಪ್ಪಲೀನ ಹಲಗೆಗೆ ಅಂಟಿಸಿದೀರಿ? ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ನೀನು ನೆಲಾನೇ ಹೊಸದು ಮಾಡಿಸ್ತಾ ಇದೀಯ.”

“ಅಬಾ, ಸುಮ್ನೆ ಒಂದ್ಸಲ ಭುಜ ಎತ್ತಿ ನೋಡಿ.”

“ಈ ವಯಸ್ಸಿಗೆ ನನ್ನ ಭುಜ ಊಟದ ತಟ್ಟೆ ಎತ್ತಿದ್ರೆ ಹೆಚ್ಚು,” ಎನ್ನುತ್ತಲೇ ಅವರು ಎತ್ತಿದರು. ಪೆಟ್ಟು ಬಿತ್ತು. ಇನ್ನೊಂದು ಭುಜ ಎತ್ತಿದರು, ಅದಕ್ಕೂ ಬಿತ್ತು. ಕತ್ತು ವಾರೆ ಮಾಡಿದರು, ನಾದ ಅವರ ಕತ್ತಿನ ಜೊತೆಗೇ ವಾರೆಯಾಗಿ ಜಾರಿತು. ಅಬಾ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು.

ದಣಿದು ಕೂತ ಮೇಲೆ ಅವರು ಹೇಳಿದರು. “ಮುಂದಿನ ವಾರ ತಾರ್ಮೆದಿ ಮಗಳ ಮದುವೆ. ಮಧ್ಯಾಹ್ನ ಒಂದೇ ಒಂದು ಹಾಡು ನಿನಗೆ ಬಿಡ್ತೀನಿ.”

“ಈ ಸಲವೂ ಅವರು ಕುರ್ಚಿಗೆ ಹೋದ್ರೆ, ನಾನು ತಗಡು ತಟ್ಕೊಂಡು ಸಾಯ್ತೀನಿ. ಡೋಲಿನ ಸುದ್ದಿ ಎತ್ತಲ್ಲ,” ಎಂದ ಸಾರ್ಜು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಆಗ್ಲಿ. ಆದ್ರೆ ಹೊಸ ವಾದ್ಯ ಅಂದ್ಮೇಲೆ ಶಾಸ್ತ್ರ ಬಿಡೋ ಹಾಗಿಲ್ಲ. ಹಳೇ ಡೋಲು ಪಕ್ಕದಲ್ಲಿರ್ಬೇಕು. ಹಿರಿಯನ ಎದುರಿಗೇ ಕಿರಿಯ ಮೊದಲ ಸಲ ಬಾಯಿ ಬಿಡ್ಬೇಕು.”

“ಅದರ ಗಂಟು ಬಿಚ್ಚಲ್ಲ ಅಂತ ಆಣೆ ಇಟ್ಟಿದೀನಿ ಅಬಾ.”

“ಗಂಟಿನ ಸಮೇತ ಇರ್ಲಿ. ಕಾರ್ಸಿ ತರ್ತಾಳೆ.”

ಮದುವೆಯ ದಿನ ಗಿರಣಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಾಲಿನ ಸಾರ್ಜು ಕರೆಂಟಿನ ಡೋಲು ಬಾರಿಸುತ್ತಾನಂತೆ ಎಂಬ ಸುದ್ದಿ ಹಬ್ಬಿ, ಕರೆಯದವರೂ ಬಂದಿದ್ದರು. ಯುಸ್ತಿ ಬೆಳಗಿನಿಂದ ಗುಂಡಿ ಒತ್ತಿಕೊಂಡು ಕೂತಿದ್ದ. ಮಧ್ಯಾಹ್ನದ ಊಟವಾಯಿತು. ವೇದಿಕೆಯ ಮೇಲೆ ಹೊಸ ವಾದ್ಯವನ್ನಿಟ್ಟು, ಬಟ್ಟೆ ಸುತ್ತಿದ ಹಳೆಯ ಡೋಲನ್ನು ಪಕ್ಕದಲ್ಲಿ ಕೂರಿಸಿದರು. ಎದುರಿಗೆ ಕಪ್ಪು ಕಾಫಿ, ಬಾಳೆಹಣ್ಣು, ಒಂದು ಸಿಗರೇಟು, ಧೂಪ, ಹೂವು ತೇಲಿಸಿದ ನೀರಿನ ಬಟ್ಟಲು. ನಾವೆಲ್ಲ ತಲೆ ತಗ್ಗಿಸಿ ಕೂತೆವು.

ಅಬಾ ಬಾಯೊಳಗೇ ಏನನ್ನೋ ಹೇಳಿಕೊಂಡರು. ಹಿರಿಯ ಡೋಲಿಗೆ ನಾಲ್ಕು ಹನಿ ಚಿಮುಕಿಸಿದರು. ಕಿರಿಯನ ಸರದಿ ಬಂದಾಗ ಅವರಿಗೆ ಪ್ರೀತಿ ಉಕ್ಕಿತು. ಮೊದಲು ಮೂಗು ಮುರಿದದ್ದರ ಪ್ರಾಯಶ್ಚಿತ್ತವೂ ಇತ್ತೇನೋ. ಚಿಮುಕಿಸಲಿಲ್ಲ, ಬಟ್ಟಲು ಬಗ್ಗಿಸಿ ಸ್ನಾನವನ್ನೇ ಮಾಡಿಸಿದರು. ನಾಲ್ಕೂ ಬಿಲ್ಲೆಗಳ ಮೇಲೆ ಗುಲಾಬಿ ಎಸಳುಗಳು ಅಂಟಿಕೊಂಡವು.

ನಾನು ಏನು ಮಾಡುತ್ತಿದ್ದೆ ಎಂದು ಕೇಳಿ. ಮೂವತ್ತು ವರ್ಷ ರಿಪೇರಿ ಮಾಡಿದವನು, ಟಿವಿಯ ಮೇಲೆ ಹೂದಾನಿ ಇಟ್ಟ ಗಿರಾಕಿಗಳಿಗೆ ಬೈದು ಬೈದು ಗಂಟಲು ಕಟ್ಟಿಸಿಕೊಂಡವನು, ಕೈ ಕಟ್ಟಿ, ಕಣ್ಣು ಮುಚ್ಚಿ, ಭಕ್ತಿಯಿಂದ ಕೂತಿದ್ದೆ! ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಲೂ ಇದ್ದೆ. ಹೂನೀರಿನ ಎದುರು ಕೂತಾಗ ನಾನು ಗಾಂಗಿನವನು, ರಿಪೇರಿಯವನಲ್ಲ. ಆ ಇಬ್ಬರು ಒಬ್ಬರನ್ನೊಬ್ಬರು ಮಾತಾಡಿಸಿದ್ದೇ ಇಲ್ಲ ಎಂದು ಆ ದಿನ ಗೊತ್ತಾಯಿತು.

ಜುರಾಗಾನ್ ತಾರ್ಮೆದಿ ಕಣಕ್ಕಿಳಿದರು. ಅಕ್ಕ ಹಾಡು ಎತ್ತಿದಳು. ಜುರಾಗಾನ್ ಭುಜ ಎತ್ತಿದರು, ಸಾರ್ಜು ಹೊಡೆದ. ಟಕ್ ಎಂದಿತು. ಸಾರ್ಜುವಿನ ಕೈ ಮೇಲೆಯೇ ಇದೆ, ಮತ್ತೆ ಟಕ್ ಎಂದಿತು. ಆಮೇಲೆ ಟಕಟಕಟಕಟಕ ಎಂದು ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳತೊಡಗಿತು, ಚಳಿಜ್ವರ ಬಂದವನ ಹಲ್ಲಿನ ಹಾಗೆ. ಅಂಗಳವೆಲ್ಲ ನಕ್ಕಿತು. ಕಡೆಗೊಮ್ಮೆ ಕರ್ ಎಂದು ಬಾಯಿ ಮುಚ್ಚಿತು.

ಜುರಾಗಾನ್ ಎತ್ತಿದ ಭುಜವನ್ನು ಮೆಲ್ಲಗೆ ಇಳಿಸಿದರು. ಸುತ್ತ ನೋಡಿದರು. ಯಾರೋ ಅವಿವೇಕಿ ಓಡಿಬಂದು ಕುರ್ಚಿ ಹಾಕಿದ. ಅವರ ಕೈ ಕುರ್ಚಿಯ ಬೆನ್ನಿನ ಮೇಲೆ ಹೋಯಿತು. ಸಾರ್ಜುವಿನ ಮುಖವನ್ನು ನನಗೆ ನೋಡಲಾಗಲಿಲ್ಲ, ಅದಕ್ಕೇ ಬಿಲ್ಲೆಗಳನ್ನು ನೋಡಿದೆ. ಚಪ್ಪಲಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೀರು!” ಎಂದು ಕೂಗಿ ಗಾಂಗ್ ಬಿಟ್ಟು ಓಡಿದೆ. “ಯುಸ್ತಿ, ಏನಾದ್ರೂ ನುಡಿಸ್ತಾ ಇರೋ! ನಿಲ್ಲಿಸಿದ್ರೆ ಜಿರಲೆ ವಾಪಸ್ ಬಿಡ್ತೀನಿ!”

ಹುಡುಗ ಒಳ್ಳೆಯವನು. ಮದುವೆಯ ಹಾಡೊಂದನ್ನು ಎತ್ತಿಕೊಂಡು ಎಳೆಯತೊಡಗಿದ. ನಾನು ಬಿಲ್ಲೆಗಳನ್ನು ಮುಟ್ಟಿ ನೋಡಿದೆ. ನಾಲ್ಕೂ ಸತ್ತಿದ್ದವು, ಒಣಗಲು ಎರಡು ದಿನ ಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಬಿಸ್ಕತ್ತಿನ ಡಬ್ಬ ಟೇಪಿನೊಳಗೆ ಒಣಗಿಯೇ ಇತ್ತು. ಸ್ಪಂಜು ಅವನ ಕಾಲಿನೊಳಗೆ ಬೆಚ್ಚಗಿತ್ತು. ಮಿದುಳಿದೆ, ಹಿಮ್ಮಡಿಯಿದೆ, ಬಡಿಯುವುದಕ್ಕೆ ಮಾತ್ರ ಏನೂ ಇಲ್ಲ.

ಅಷ್ಟರಲ್ಲಿ ಅಕ್ಕ ಹಳೆಯ ಡೋಲಿನ ಮುಂದೆ ಮಂಡಿಯೂರಿ ಗಂಟಿಗೆ ಹಲ್ಲು ಹಾಕಿದ್ದಳು.

“ಕಾರ್ಸಿ! ನನ್ನ ಆಣೆ!” ಎಂದ ಸಾರ್ಜು.

“ಆಣೆ ಇಟ್ಟಿದ್ದು ನೀನು, ನಾನಲ್ಲ,” ಎಂದು ಗಂಟು ಕಿತ್ತೆಸೆದಳು. ತನ್ನ ಕೈಯಲ್ಲಿದ್ದ ಮೈಕನ್ನು ನನ್ನತ್ತ ಚಾಚಿದಳು. “ಓಮೋ, ನನ್ನ ದನೀನ ಗಂಡಸಿನ ದನಿ ಮಾಡ್ತಿದ್ಯಲ್ಲ, ಆ ತೂತಿಗೆ ಹಾಕೋ. ಇದರ ದನಿ ಬಗ್ಗಿಸು.”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ತಿಂಗಳುಗಟ್ಟಲೆ ಚಪ್ಪಲಿ ಕತ್ತರಿಸಿದ್ದೆವು ನಾವು, ಡೋಲು ಮನೆಯ ಮೂಲೆಯಲ್ಲೇ ಕೂತಿತ್ತು. ಹಲ್ಲಿನಲ್ಲೇ ಮೈಕಿನ ತಂತಿ ಸುಲಿದು, ತಿರುಚಿ, ಡಬ್ಬದ ತೂತಿಗೆ ಸೇರಿಸಿದೆ, ಮೈಕನ್ನು ಡೋಲಿನ ದೊಡ್ಡ ಮುಖಕ್ಕೆ ಬಾತಿಕ್ ಬಟ್ಟೆಯಿಂದಲೇ ಕಟ್ಟಿದೆ.

“ಮತ್ತೆ ನಿನ್ನ ಹಾಡು?” ಎಂದು ಸಾರ್ಜು ಕೇಳಿದ.

“ಮೈಕು ಬರೋಕ್ ಮುಂಚೆ ನಮ್ಮಜ್ಜಿ ಹಾಡ್ತಿರ್ಲಿಲ್ವಾ?” ಎಂದು ಅಕ್ಕ ಎದ್ದು ನಿಂತು, ಸೆರಗು ಬಿಗಿದು, ಬರೀ ಗಂಟಲಿನಲ್ಲಿ ಹಾಡು ಎತ್ತಿದಳು. ಅಂಗಳದ ಆ ಕೊನೆಯಲ್ಲಿ ಚಹಾ ಸುರಿಯುತ್ತಿದ್ದವರೂ ತಿರುಗಿ ನೋಡಿದರು.

ಸಾರ್ಜು ಕೈ ಎತ್ತಿದ. ವರ್ಷದಿಂದ ಬಟ್ಟೆಯೊಳಗಿದ್ದ ಚರ್ಮ ಸಡಿಲವಾಗಿತ್ತು, ಪೆಟ್ಟು ಮಂಕಾಗಿ ಬಿತ್ತು. ಅವನು ಕಣ್ಣು ಮುಚ್ಚಿ, ಇಲ್ಲದ ಹಿಮ್ಮಡಿಯನ್ನು ಒತ್ತಿದ. ನಾದ ಎದ್ದಿತು. ದೂ-ವೆಂಗ್! ಎದ್ದು, ಅಂಗಳ ದಾಟಿ, ಗಿರಣಿಯ ತಗಡಿನ ಮಾಡನ್ನೇ ನಡುಗಿಸಿತು. ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಅದರಲ್ಲಿ ಚರ್ಮದ ದನಿಯೂ ಇತ್ತು, ಅವನ ಕೈಯೂ ಇತ್ತು, ಜೊತೆಗೆ ಯಾವ ಹಿಮ್ಮಡಿಯೂ ಮುಟ್ಟದಷ್ಟು ಆಳವೂ ಇತ್ತು.

ಜುರಾಗಾನರ ಕೈ ಕುರ್ಚಿಯ ಮೇಲೆಯೇ ಇತ್ತು. ಭುಜ ಮಾತ್ರ ಒಂದಿಷ್ಟು ಅಲುಗಿತು. ಬೇಕೆಂದು ಎತ್ತಿದ್ದಲ್ಲ, ತಾನಾಗಿ ಅಲುಗಿದ್ದು. ಸಾರ್ಜು ಅದಕ್ಕೊಂದು ಪೆಟ್ಟು ಕೊಟ್ಟ. ಅವರು ಬೆಚ್ಚಿ ನೋಡಿದರು. ಹುಬ್ಬು ಹಾರಿಸಿದರು. ಅದಕ್ಕೊಂದು ಸಣ್ಣ ‘ದುಯ್’. ಜನ ಹೋ ಎಂದರು. ಜುರಾಗಾನ್ ಕುರ್ಚಿಯನ್ನು ಕಾಲಿನಿಂದಲೇ ಆಚೆಗೆ ತಳ್ಳಿದರು.

“ಸಾರ್ಜು! ಇದನ್ನ ಹಿಡಿ ನೋಡೋಣ!” ಎಂದು ಸೊಂಟ ತಿರುಗಿಸಿದರು. ಹಿಡಿದ. ಮೊಣಕಾಲು ಬಗ್ಗಿಸಿ ಮೆಲ್ಲಗೆ ಇಳಿದರು, ನಾದವೂ ಅವರ ಜೊತೆ ಇಳಿಯಿತು, ಇಳಿಯಿತು, ನೆಲಕ್ಕೆ ಮುಟ್ಟುವವರೆಗೆ ಇಳಿಯಿತು. ಮೋಸ ಮಾಡಲೆಂದು ಅರ್ಧಕ್ಕೇ ನಿಂತರು, ಅದೂ ಅರ್ಧಕ್ಕೇ ನಿಂತಿತು. ಅಂಗಳವೆಲ್ಲ ಕೂಗುತ್ತಿತ್ತು. ಅಬಾ ವಾರ್ಲಾನ್ ಕೋಲೆಸೆದು ಕಣಕ್ಕೆ ಇಳಿದಿದ್ದರು, ಯುಸ್ತಿ ಕೀಬೋರ್ಡು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದ. ಅಕ್ಕನ ಕತ್ತಿನ ನರಗಳು ಉಬ್ಬಿದ್ದವು, ಕಣ್ಣು ಗಂಡನ ಕಾಲಿನ ಮೇಲಿತ್ತು. ಆ ಪ್ಲಾಸ್ಟಿಕ್ ಕಾಲು ಹಂದಾಡುತ್ತಲೂ ಇರಲಿಲ್ಲ. ಬಾರಿಸುತ್ತಿದ್ದುದು ಅದರೊಳಗಿನದು. ನನ್ನ ಭಾವ ಮತ್ತೆ ತನ್ನ ಜಾಗದಲ್ಲಿ ಕೂತಿದ್ದಾನೆ, ನೋಡಿ, ನೋಡಿ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು.

ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಜುರಾಗಾನ್ ಒಂದು ಕಾಲೆತ್ತಿ ಗಾಳಿಯಲ್ಲಿ ನಿಂತಿದ್ದರು. ಅಕ್ಕ ಕೊನೆಯ ಸ್ವರವನ್ನು ಎಳೆಯುತ್ತಲೇ ಇದ್ದಳು. ಸಾರ್ಜು ಹಿಮ್ಮಡಿ ಒತ್ತಿ, ನಾದವನ್ನು ಬಿಡದೆ ಹಿಡಿದುಕೊಂಡು, ನನ್ನ ಕಡೆ ಕಣ್ಣು ಕೆಕ್ಕರಿಸಿ ನೋಡುತ್ತಿದ್ದ.

“ಓಮೋ!” ಎಂದು ಗುಡುಗಿದ. “ಗಾಂಗೋ!”

ಬಿಸ್ಕತ್ತಿನ ಡಬ್ಬವನ್ನು ತಬ್ಬಿಕೊಂಡು ವೇದಿಕೆಯ ನಡುವೆಯೇ ಕೂತಿದ್ದೆ ನಾನು. ಎದ್ದುಬಿದ್ದು ಓಡಿಹೋಗಿ ಬಾರಿಸಿದೆ. ಜುರಾಗಾನರ ಕಾಲು ನೆಲಕ್ಕೆ ಬಂತು. ಆ ಕೂಗು, ಆ ನಗು! ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳುವವರೆಗೆ ಅವರು ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ.

ಇದಾಗಿ ಎಂಟು ವರ್ಷವಾಯಿತು. ಈಗ ಎರಡು ಕಾಲೂ ನೆಟ್ಟಗಿರುವ ಹುಡುಗರು ಕೂಡ ಡೋಲಿಗೆ ಮೈಕು ಕಟ್ಟಿ, ತೊಡೆಯ ಕೆಳಗೆ ನಮ್ಮ ಸ್ಪಂಜಿನ ಪಟ್ಟಿ ಇಟ್ಟುಕೊಂಡು ಬಾರಿಸುತ್ತಾರೆ. ಮಾಡಿಸಿಕೊಳ್ಳಲು ನನ್ನ ಅಂಗಡಿಗೇ ಬರುತ್ತಾರೆ. ಹೂನೀರಿನ ಶಾಸ್ತ್ರವನ್ನು ನಾವು ಬಿಟ್ಟಿಲ್ಲ, ಆದರೆ ಡಬ್ಬಕ್ಕೆ ಮೊದಲು ಮಳೆಯಂಗಿ ಹೊದಿಸುತ್ತೇವೆ. ಅಬಾ ಇರುವವರೆಗೂ ಅದನ್ನು ನೋಡಿ ತಾವೇ ಮೊದಲು ನಗುತ್ತಿದ್ದರು.

ಹೋದ ತಿಂಗಳು ಬಾಂಡುಂಗಿನಿಂದ ಟಿವಿಯವರು ಬಂದು ಸಾರ್ಜುವಿನ ಮುಂದೆ ಕ್ಯಾಮೆರಾ ನಿಲ್ಲಿಸಿದರು. ಆ ಕಾರ್ಯಕ್ರಮದಲ್ಲಿ ನನ್ನ ಎಡಮೊಣಕೈ ಬಿಟ್ಟರೆ ನನ್ನದೇನೂ ಕಾಣುವುದಿಲ್ಲ. ಹನ್ನೊಂದು ಕಲೆಗಳಿರುವ ಬೆರಳುಗಳೂ ಕಾಣುವುದಿಲ್ಲ. ನಾನು ಸಿಟ್ಟಿನಿಂದ ಟಿವಿ ಆರಿಸಬೇಕೆಂದು ಎದ್ದಿದ್ದೆ. ಆಗ ಸಂದರ್ಶನ ಮಾಡುತ್ತಿದ್ದ ಹುಡುಗಿ ಕೇಳಿದಳು, ವಾದ್ಯ ಯಶಸ್ವಿಯಾಯಿತು ಅಂತ ನಿಮಗೆ ಯಾವಾಗ ಅನ್ನಿಸಿತು, ಜುರಾಗಾನ್ ಕುರ್ಚಿ ತಳ್ಳಿದಾಗಲಾ?

“ಅವರಾ? ಕುಣಿತದ ಹುಚ್ಚಿನವರು, ಬಾಗಿಲು ಕಿರ್ ಅಂದ್ರೂ ಕುಣೀತಾರೆ,” ಎಂದ ಸಾರ್ಜು. ಕೃತಕ ಕಾಲನ್ನು ಸವರಿಕೊಂಡು, ಕ್ಯಾಮೆರಾದ ಆಚೆಗೆ, ನನ್ನ ಮೊಣಕೈ ಇದ್ದ ಕಡೆ ನೋಡಿದ. “ನನ್ನ ಬಾಮೈದ ಒಬ್ಬ ಇದಾನೆ. ನಾನು ಚಿನ್ನದ ಹಾಗೆ ಬಾರಿಸಿದಾಗ್ಲೂ ಸಿಗರೇಟು ಸೇದ್ಕೊಂಡು, ಸರಿಯಾದ ಹೊತ್ತಿಗೆ ಗಾಂಗ್ ಹೊಡೀತಿದ್ದ. ಒಂದು ದಿನಾನೂ ನನ್ನ ಡೋಲಿಗೆ ಮೈ ಮರೆತಿದ್ದಿಲ್ಲ. ಆವತ್ತು ಮರೆತ. ಆಗ ಗೊತ್ತಾಯ್ತಮ್ಮ, ನನ್ನ ಹಿಮ್ಮಡಿ ವಾಪಸ್ ಬಂದಿದೆ ಅಂತ.”